ಎರಡು ಮಿಲಿವೋಲ್ಟ್: ಎಲ್‌ಎಚ್‌ಸಿಯ 2008ರ ಅವಘಡ, ಒಂದು ಪ್ರಕರಣ ಅಧ್ಯಯನ

ಕಣ ವೇಗವರ್ಧಕ ಪ್ರಯೋಗಾಲಯವೊಂದರ ಪವರ್ ಸಪ್ಲೈ ವಿಭಾಗಕ್ಕೆ ನಾನು ಸೇರಿದ ಮೊದಲ ವಾರದ ಮಾತು. ನಮ್ಮ ಗುಂಪಿನ ಹಿರಿಯರು ಒಂದು ವರದಿಯ ಪ್ರಿಂಟ್ ತಂದು ನನ್ನ ಮೇಜಿನ ಮೇಲಿಟ್ಟರು. ಜಿನೀವಾ ಹತ್ತಿರದ ಕಣ ಭೌತಶಾಸ್ತ್ರ ಪ್ರಯೋಗಾಲಯ ಸರ್ನ್‌ನ ಎಲ್‌ಎಚ್‌ಸಿ (ಲಾರ್ಜ್ ಹ್ಯಾಡ್ರಾನ್ ಕೊಲೈಡರ್) ಯಂತ್ರದಲ್ಲಿ 2008ರ ಸೆಪ್ಟೆಂಬರ್ 19ರಂದು ನಡೆದ ಅವಘಡದ ತನಿಖಾ ವರದಿ ಅದು. ಅವರು ಧಾರವಾಡ ಕಡೆಯವರು. "ಮೊದ್ಲ ಲೆಕ್ಕಾ ಹಾಕು ತಮ್ಮಾ, ಮಾತು ಆಮ್ಯಾಲೆ" ಎಂದಷ್ಟೇ ಹೇಳಿ ಹೊರಟುಹೋದರು.

ಕಾಲೇಜಿನಲ್ಲಿ ನಾನು ಕಲಿತದ್ದು ಇನ್‌ವರ್ಟರ್, ಮೋಟಾರ್ ಡ್ರೈವ್, ಯುಪಿಎಸ್. ಮ್ಯಾಗ್ನೆಟ್‌ಗೆ ಕರೆಂಟ್ ಕೊಡುವುದು ಅವಕ್ಕಿಂತ ಸುಲಭ ಅಂದುಕೊಂಡಿದ್ದೆ. ಡಿಸಿ ತಾನೇ, ಅದರಲ್ಲೇನಿದೆ ಅಂತ. ಆ ವಾರ ಹಾಕಿದ ಲೆಕ್ಕಗಳು ಆ ಭಾವನೆಯನ್ನು ಪೂರ್ತಿ ಬಿಡಿಸಿದವು. ಪವರ್ ಎಲೆಕ್ಟ್ರಾನಿಕ್ಸ್ ಓದಿ ಈ ಕೆಲಸಕ್ಕೆ ಬರುವವರಿಗೆ ಉಪಯೋಗವಾಗಲಿ ಎಂದು ಅವನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಓಮ್‌ನ ನಿಯಮ ಗೊತ್ತಿದ್ದರೆ ಸಾಕು, ಕ್ಯಾಲ್ಕುಲೇಟರ್ ಪಕ್ಕದಲ್ಲಿಟ್ಟುಕೊಂಡು ಓದಿ.

ಸರ್ಕ್ಯೂಟ್

ಎಲ್‌ಎಚ್‌ಸಿ ಇರುವುದು ಸುಮಾರು 27 ಕಿಲೋಮೀಟರ್ ಸುತ್ತಳತೆಯ ಸುರಂಗದಲ್ಲಿ. ಪ್ರೋಟಾನ್‌ಗಳನ್ನು ಅದರ ಉದ್ದಕ್ಕೂ ಬಾಗಿಸಿ ತಿರುಗಿಸಲು 1,232 ಡೈಪೋಲ್ ಮ್ಯಾಗ್ನೆಟ್‌ಗಳಿವೆ. ಸುರಂಗವನ್ನು 8 ಸೆಕ್ಟರ್‌ಗಳಾಗಿ ಭಾಗ ಮಾಡಿದ್ದಾರೆ. ಒಂದೊಂದು ಸೆಕ್ಟರ್‌ನಲ್ಲಿ 154 ಡೈಪೋಲ್‌ಗಳು ಸರಣಿಯಲ್ಲಿವೆ. ಹೂವಿನ ಸರದ ಹಾಗೆ, ಒಂದರ ಹಿಂದೆ ಒಂದು. ಇಡೀ ಸರಕ್ಕೆ ಒಂದೇ ಪವರ್ ಕನ್ವರ್ಟರ್. ಥೈರಿಸ್ಟರ್‌ಗಳ ಮೇಲೆ ನಡೆಯುವ, 13,000 ಆಂಪಿಯರ್, 190 ವೋಲ್ಟ್ ಸಾಮರ್ಥ್ಯದ ಯಂತ್ರ.

13,000 ಆಂಪಿಯರ್‌ಗೆ ಬರೀ 190 ವೋಲ್ಟ್ ಹೇಗೆ ಸಾಕು? ಮ್ಯಾಗ್ನೆಟ್‌ನ ತಂತಿ ನಯೋಬಿಯಂ ಟೈಟೇನಿಯಂನದು. 1.9 ಕೆಲ್ವಿನ್ ತಣ್ಣಗಿನ ಹೀಲಿಯಂನಲ್ಲಿ ಅದರ ಪ್ರತಿರೋಧ ಸೊನ್ನೆ, ಇದೇ ಅತಿವಾಹಕತೆ. ಹಾಗಾಗಿ ಕರೆಂಟ್ ಒಂದೇ ಮಟ್ಟದಲ್ಲಿ ಹರಿಯುವಾಗ ಮ್ಯಾಗ್ನೆಟ್‌ಗಳಿಗೆ ವೋಲ್ಟೇಜ್ ಬೇಕಿಲ್ಲ. ಬೇಕಾಗುವುದು ಕರೆಂಟ್ ಏರಿಸುವಾಗ. 154 ಡೈಪೋಲ್‌ಗಳ ಒಟ್ಟು ಇಂಡಕ್ಟೆನ್ಸ್ ಸುಮಾರು 15.7 ಹೆನ್ರಿ. ಕರೆಂಟ್ ಏರುವ ವೇಗ ಸೆಕೆಂಡಿಗೆ 10 ಆಂಪಿಯರ್. ಗುಣಿಸಿ ನೋಡಿ, 157 ವೋಲ್ಟ್. ಮೇಲೆ ಸ್ವಲ್ಪ ಅಂಚು ಸೇರಿಸಿದರೆ 190. ಮೊದಲ ಸಲ ಈ ಲೆಕ್ಕ ಕೂಡಿಬಂದಾಗ ಆದ ಖುಷಿ ಇನ್ನೂ ನೆನಪಿದೆ. ಯಾವುದೋ ದೇಶದ ದೈತ್ಯ ಯಂತ್ರ, ಆದರೆ ಅದರ ರೇಟಿಂಗ್ ಬಂದದ್ದು ನಾವು ಎರಡನೇ ಸೆಮಿಸ್ಟರ್‌ನಲ್ಲಿ ಓದಿದ ಸೂತ್ರದಿಂದ. ಈ 157 ವೋಲ್ಟ್ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನೊಂದು ವಿಷಯ ಶಕ್ತಿಯದು. ಅವಘಡದ ಹೊತ್ತಿಗೆ ಕರೆಂಟ್ 8,700 ಆಂಪಿಯರ್ ಇತ್ತು. ಅರ್ಧ ಎಲ್ ಐ ವರ್ಗ (ಎಲ್ ಇಂಡಕ್ಟೆನ್ಸ್, ಐ ಕರೆಂಟ್) ಎಂಬ ಸೂತ್ರಕ್ಕೆ ಹಾಕಿದರೆ ಸುಮಾರು 594 ಮೆಗಾಜೂಲ್. ನಮ್ಮ ಮೀಟರ್ ಭಾಷೆಯಲ್ಲಿ 165 ಯೂನಿಟ್. ಒಂದು ಸಾಧಾರಣ ಮನೆ ತಿಂಗಳಿಡೀ ಸುಡುವ ಕರೆಂಟ್ ಅಷ್ಟೇ, ದೊಡ್ಡ ಅಂಕಿ ಅನಿಸುವುದಿಲ್ಲ ಅಲ್ವಾ? ತಿಂಗಳಿಗೆ ಖರ್ಚಾಗುವುದು ಕೆಲವೇ ಸೆಕೆಂಡುಗಳಲ್ಲಿ ಒಂದೇ ಜಾಗದಲ್ಲಿ ಹೊರಬಿದ್ದರೆ ಕತೆ ಬೇರೆ.

ಅದು ಹಾಗೆ ಹೊರಬೀಳದಂತೆ ತಡೆಯಲು ವ್ಯವಸ್ಥೆ ಇದೆ. ಒಂದು ಮ್ಯಾಗ್ನೆಟ್ ಬಿಸಿಯಾಗಿ ಅತಿವಾಹಕತೆ ಕಳೆದುಕೊಂಡರೆ ಅದನ್ನು ಕ್ವೆಂಚ್ ಎನ್ನುತ್ತಾರೆ. ಆಗ ಹೀಟರ್‌ಗಳು ಆ ಮ್ಯಾಗ್ನೆಟ್ಟನ್ನು ಪೂರ್ತಿ ಬಿಸಿ ಮಾಡುತ್ತವೆ, ಶಾಖ ಒಂದೇ ಕಡೆ ಕೂಡದಿರಲಿ ಅಂತ. ಉಳಿದ ಮ್ಯಾಗ್ನೆಟ್‌ಗಳ ಕರೆಂಟ್ ಪಕ್ಕದ ಡಯೋಡ್ ಮೂಲಕ ಸಾಗುತ್ತದೆ. ಆ ಹೀಟರ್‌ಗಳಿಗೆ ಕರೆಂಟ್ ಕೊಡುವ ಸಪ್ಲೈಗಳಲ್ಲಿ 5,000ಕ್ಕೂ ಹೆಚ್ಚು ಭಾರತದಿಂದಲೇ ಹೋದಂಥವು. ಕೊನೆಗೆ ಸ್ವಿಚ್‌ಗಳು ತೆರೆದು ಒಟ್ಟು 0.15 ಓಮ್‌ನ ರೆಸಿಸ್ಟರ್‌ಗಳು ಸರ್ಕ್ಯೂಟ್‌ಗೆ ಸೇರಿಕೊಂಡು ಉಳಿದ ಶಕ್ತಿಯನ್ನೆಲ್ಲ ಸುಡುತ್ತವೆ. 15.7ನ್ನು 0.15ರಿಂದ ಭಾಗಿಸಿ, ಕಾಲ ಸ್ಥಿರಾಂಕ ಸುಮಾರು 105 ಸೆಕೆಂಡ್. ಸ್ವಿಚ್ ತೆರೆದರೂ ಕರೆಂಟ್ ಅರ್ಧಕ್ಕೆ ಇಳಿಯಲು ಒಂದು ನಿಮಿಷಕ್ಕೂ ಜಾಸ್ತಿ ಬೇಕು. ಆಫ್ ಬಟನ್ ಒತ್ತಿದ ತಕ್ಷಣ ಆಫ್ ಆಗುವ ಯಂತ್ರಗಳಲ್ಲಿ ಪಳಗಿದ ನನಗೆ ಇದನ್ನು ಒಳಗಿಳಿಸಿಕೊಳ್ಳಲು ಎರಡು ದಿನ ಹಿಡಿಯಿತು.

ಆ ಶುಕ್ರವಾರ

ಸೆಪ್ಟೆಂಬರ್ 10ರಂದು ಪ್ರೋಟಾನ್ ಕಿರಣ ಮೊದಲ ಬಾರಿಗೆ ಸುತ್ತು ಹಾಕಿತ್ತು. ಜಗತ್ತೆಲ್ಲ ಟಿವಿಯಲ್ಲಿ ನೋಡಿತ್ತು. ಆದರೆ ಆ ಕಿರಣದ ಶಕ್ತಿ ಕಡಿಮೆ, ಅದಕ್ಕೆ ಬೇಕಾದ ಕರೆಂಟೂ ಕಡಿಮೆ. ಹೆಚ್ಚಿನ ಕರೆಂಟ್‌ನ ಪರೀಕ್ಷೆ 3-4 ಎಂಬ ಹೆಸರಿನ ಸೆಕ್ಟರ್‌ನ ಡೈಪೋಲ್ ಸರಣಿಯಲ್ಲಿ ಮಾತ್ರ ಬಾಕಿ ಉಳಿದಿತ್ತು. ಅದನ್ನು 9,300 ಆಂಪಿಯರ್‌ಗೆ ಏರಿಸಬೇಕಿತ್ತು. ಸುರಂಗದಲ್ಲಿ ಆಗ ಕಿರಣ ಇರಲಿಲ್ಲ. ಇದು ಪೂರ್ತಿ ನಮ್ಮಂಥ ಪವರ್ ಎಂಜಿನಿಯರ್‌ಗಳ ಕೆಲಸ.

ಬೆಳಗ್ಗೆ 11:18. ಕರೆಂಟ್ 8,700 ಆಂಪಿಯರ್ ತಲುಪಿತ್ತು. ಒಂದು ಡೈಪೋಲ್ ಮತ್ತು ಪಕ್ಕದ ಕ್ವಾಡ್ರುಪೋಲ್ (ಕಿರಣವನ್ನು ಒಗ್ಗೂಡಿಸುವ ಮ್ಯಾಗ್ನೆಟ್) ನಡುವೆ ಕರೆಂಟ್ ಒಯ್ಯುವ ದಪ್ಪ ವಾಹಕದಲ್ಲಿ, ಅಂದರೆ ಬಸ್‌ಬಾರ್‌ನಲ್ಲಿ, 300 ಮಿಲಿವೋಲ್ಟ್ ಕಾಣಿಸಿತು. 0.39 ಸೆಕೆಂಡಿನಲ್ಲಿ ಅದು 1 ವೋಲ್ಟ್ ಆಯಿತು. 0.46 ಸೆಕೆಂಡಿಗೆ ಕನ್ವರ್ಟರ್ ಕರೆಂಟ್ ಏರಿಸಲಾಗದೆ ಟ್ರಿಪ್ ಆಯಿತು. 0.86 ಸೆಕೆಂಡಿಗೆ ಸ್ವಿಚ್ ತೆರೆದು ರೆಸಿಸ್ಟರ್‌ಗಳು ಸೇರಿಕೊಂಡವು. ರಕ್ಷಣೆಯ ಸಲಕರಣೆ ಯಾವುದೂ ಕೈಕೊಡಲಿಲ್ಲ. ಎಲ್ಲವೂ ವಿನ್ಯಾಸದಂತೆಯೇ ಕೆಲಸ ಮಾಡಿದವು, ಒಂದು ಸೆಕೆಂಡಿನೊಳಗೆ. ಆದರೆ ಅಷ್ಟರಲ್ಲಿ ಬಸ್‌ಬಾರ್ ಕರಗಿ ತುಂಡಾಗಿ, ಆ ಜಾಗದಲ್ಲಿ ವಿದ್ಯುತ್ ಆರ್ಕ್ ಹೊತ್ತಿತ್ತು. ಇಂಡಕ್ಟರ್ ತನ್ನ ಕರೆಂಟನ್ನು ಬಿಟ್ಟುಕೊಡುವುದಿಲ್ಲ. ದಾರಿ ತುಂಡಾದರೆ ಗಾಳಿಯಲ್ಲೋ ಹೀಲಿಯಂನಲ್ಲೋ ದಾರಿ ಮಾಡಿಕೊಳ್ಳುತ್ತದೆ. 594 ಮೆಗಾಜೂಲ್‌ನಲ್ಲಿ ಸುಮಾರು 275 ಮೆಗಾಜೂಲ್ ಹೀಗೆ ಆರ್ಕ್‌ಗಳಲ್ಲೇ ಹೋಯಿತು.

ಆರ್ಕ್ ಹೀಲಿಯಂ ಇದ್ದ ಕೊಳವೆಯನ್ನು ತೂತು ಮಾಡಿತು. ಹೀಲಿಯಂ ಹೊರಗಿನ ನಿರ್ವಾತದ ಕವಚಕ್ಕೆ ನುಗ್ಗಿತು. ಆ ಕವಚದ ಸುರಕ್ಷಾ ಕವಾಟಗಳ ಲೆಕ್ಕ ಸೆಕೆಂಡಿಗೆ 2 ಕಿಲೋ. ಬಂದದ್ದು ಸುಮಾರು 20 ಕಿಲೋ. ಒತ್ತಡಕ್ಕೆ ಹತ್ತಾರು ಟನ್ ತೂಗುವ ಮ್ಯಾಗ್ನೆಟ್‌ಗಳು ಜಾಗ ಬಿಟ್ಟು ಸರಿದವು, ಕೆಲವು ಕಡೆ ಅವುಗಳ ಜಾಕ್‌ಗಳು ಕಾಂಕ್ರೀಟ್ ನೆಲದಿಂದ ಕಿತ್ತುಬಂದವು. ಎಲ್‌ಎಚ್‌ಸಿಯ ಮ್ಯಾಗ್ನೆಟ್‌ಗಳನ್ನು ಹೊತ್ತು ಕೂದಲೆಳೆಯಷ್ಟು ಕರಾರುವಾಕ್ಕಾಗಿ ಕೂರಿಸುವ ಆ ಜಾಕ್‌ಗಳು ಸುಮಾರು 7,000. ಭಾರತದಲ್ಲೇ, ಬೆಂಗಳೂರು ಮತ್ತು ಇಂದೋರ್‌ನಲ್ಲಿ ತಯಾರಾದಂಥವು. ವರದಿಯ ಆ ಸಾಲು ಓದುವಾಗ ನನಗೆ ಸುರಂಗ ಇದ್ದಕ್ಕಿದ್ದಂತೆ ಹತ್ತಿರವಾಯಿತು. ತಪ್ಪು ಜಾಕ್‌ನದಲ್ಲ, ಅಂಥ ಬಲವನ್ನು ತಡೆಯಲು ಯಾರೂ ಅವನ್ನು ಮಾಡಿರಲಿಲ್ಲ.

ಒಟ್ಟು ಸುಮಾರು 6 ಟನ್ ಹೀಲಿಯಂ ಹೋಯಿತು. ಮಸಿ, ನಿರೋಧಕ ಹಾಳೆಯ ಚೂರುಗಳು ಕಿರಣದ ಕೊಳವೆಯೊಳಗೆ ದೂರದವರೆಗೆ ಹರಡಿದವು. 39 ಡೈಪೋಲ್, 14 ಕ್ವಾಡ್ರುಪೋಲ್, ಒಟ್ಟು 53 ಮ್ಯಾಗ್ನೆಟ್‌ಗಳನ್ನು ಮೇಲಕ್ಕೆ ತಂದು ಬದಲಿಸಬೇಕಾಯಿತು. ಸುರಂಗದಲ್ಲಿ ಯಾರೂ ಇರಲಿಲ್ಲ, ಯಾರಿಗೂ ಪೆಟ್ಟಾಗಲಿಲ್ಲ. ಕಿರಣ ಮತ್ತೆ ಸುತ್ತಿದ್ದು 2009ರ ನವೆಂಬರ್ 20ಕ್ಕೆ. ಹದಿನಾಲ್ಕು ತಿಂಗಳು.

ಎರಡು ಮಿಲಿವೋಲ್ಟ್ ಎಲ್ಲಿತ್ತು

ಈಗ ನಾನು ಅತಿ ಹೆಚ್ಚು ಹೊತ್ತು ಕೂತ ಭಾಗಕ್ಕೆ ಬರುತ್ತೇನೆ.

ಮ್ಯಾಗ್ನೆಟ್‌ನಿಂದ ಮ್ಯಾಗ್ನೆಟ್‌ಗೆ ಕರೆಂಟ್ ಒಯ್ಯುವ ಬಸ್‌ಬಾರ್‌ನಲ್ಲಿ ಒಳಗೆ ಅತಿವಾಹಕ ಕೇಬಲ್, ಸುತ್ತ ತಾಮ್ರದ ಕವಚ. ಎರಡು ಮ್ಯಾಗ್ನೆಟ್ ಸೇರುವಲ್ಲಿ ಕೇಬಲ್‌ಗಳನ್ನು 12 ಸೆಂಟಿಮೀಟರ್ ಒಂದರ ಮೇಲೊಂದು ಕೂರಿಸಿ, ತವರ ಮತ್ತು ಬೆಳ್ಳಿಯ ಸೋಲ್ಡರ್ ಹಾಕಿ ಬೆಸೆಯುತ್ತಾರೆ. ಬೆಸುಗೆ ಅತಿವಾಹಕವಲ್ಲ, ಹಾಗಾಗಿ ಅದಕ್ಕೆ ತುಸು ಪ್ರತಿರೋಧ ಇದ್ದೇ ಇರುತ್ತದೆ. ಇರಬಹುದಾದದ್ದು 0.6 ನ್ಯಾನೋ ಓಮ್ (ನ್ಯಾನೋ ಎಂದರೆ ನೂರು ಕೋಟಿಯಲ್ಲಿ ಒಂದು ಭಾಗ). ಒಳ್ಳೆಯ ಬೆಸುಗೆಗೆ ಅದರ ಅರ್ಧ.

ಅವಘಡದ ಜಾಗದಲ್ಲಿದ್ದ ಬೆಸುಗೆ ಆವಿಯಾಗಿ ಹೋಗಿತ್ತು. ಕೈಯಲ್ಲಿ ಹಿಡಿದು ತೋರಿಸಲು ಸಾಕ್ಷಿ ಇರಲಿಲ್ಲ. ಆದರೆ ಹಳೆಯ ದತ್ತಾಂಶ ಇತ್ತು. ನಾಲ್ಕು ದಿನ ಮೊದಲು, ಸೆಪ್ಟೆಂಬರ್ 15ರಂದು, ಅದೇ ಸರಣಿಯಲ್ಲಿ 7,000 ಆಂಪಿಯರ್ ಹರಿಸಿದ್ದರು. ಆಗ ಅದೇ ಭಾಗದ ಹೀಲಿಯಂ ತಾಪ ಒಂದು ಕೆಲ್ವಿನ್‌ನ ನೂರನೇ ಭಾಗದ ಲೆಕ್ಕದಲ್ಲಿ ಮೆಲ್ಲಗೆ ಏರಿತ್ತು. ಅಷ್ಟು ಹೀಲಿಯಂ ಅಷ್ಟು ಬೆಚ್ಚಗಾಗಲು ಅಲ್ಲಿ 10 ವ್ಯಾಟ್‌ಗೆ ತುಸು ಮೇಲ್ಪಟ್ಟ ಶಾಖ ಬೇಕು. ಹಾಗಾದರೆ ಬೆಸುಗೆಯ ಪ್ರತಿರೋಧ ಸುಮಾರು 220 ನ್ಯಾನೋ ಓಮ್ ಇದ್ದಿರಬೇಕು ಎಂದು ತನಿಖೆ ಲೆಕ್ಕ ಹಾಕಿತು. ನೀವೂ ಪರೀಕ್ಷಿಸಿ: 7,000ದ ವರ್ಗಕ್ಕೆ 220 ನ್ಯಾನೋ ಗುಣಿಸಿದರೆ 10.8 ವ್ಯಾಟ್.

8,700 ಆಂಪಿಯರ್‌ನಲ್ಲಿ ಅದೇ ಬೆಸುಗೆ 16.7 ವ್ಯಾಟ್ ಶಾಖ ಕೊಡುತ್ತದೆ. ಮನೆಯ ಎಲ್‌ಇಡಿ ಬಲ್ಬ್‌ನಷ್ಟು. ಅದರ ಎರಡು ತುದಿಗಳ ನಡುವಿನ ವೋಲ್ಟೇಜ್? 1.9 ಮಿಲಿವೋಲ್ಟ್.

ಆಗ ಸೆಕ್ಟರ್‌ನ ಬಸ್‌ಬಾರ್‌ಗಳನ್ನು ಕಾಯುತ್ತಿದ್ದ ರಕ್ಷಣೆಯ ಮಿತಿ 1 ವೋಲ್ಟ್. ದೋಷ ಅದಕ್ಕಿಂತ 500 ಪಟ್ಟು ಚಿಕ್ಕದು.

ಮಿತಿಯನ್ನು ಅಷ್ಟು ಮೇಲೆ ಯಾಕಿಟ್ಟರು ಎಂದು ನಾನು ಹಿರಿಯರ ಬಳಿ ಸ್ವಲ್ಪ ಗತ್ತಿನಿಂದಲೇ ಕೇಳಿದೆ. ಅವರು ನನ್ನದೇ ಹಾಳೆ ತಿರುಗಿಸಿ 157 ವೋಲ್ಟ್ ಮೇಲೆ ಬೆರಳಿಟ್ಟರು. ಕರೆಂಟ್ ಏರುವಾಗ ಸರಣಿಯ ಮೇಲೆ 157 ವೋಲ್ಟ್ ಇಂಡಕ್ಟಿವ್ ವೋಲ್ಟೇಜ್ ಕೂತಿರುತ್ತದೆ. ಅದನ್ನು ಕಳೆದು ಉಳಿದದ್ದರಲ್ಲಿ ದೋಷ ಹುಡುಕಬೇಕು. ಕಳೆಯುವಾಗ ಸಣ್ಣ ತಪ್ಪಾದರೂ ನೂರಾರು ಮಿಲಿವೋಲ್ಟ್ ಸುಳ್ಳು ಸಂಕೇತ ಬರುತ್ತದೆ. ಮಿತಿ ಕೆಳಗಿಟ್ಟರೆ ದಿನಕ್ಕೆ ಹತ್ತು ಸಲ ಸುಮ್ನೆ ಟ್ರಿಪ್. ಮಿತಿ ಇಟ್ಟವರು ಬುದ್ಧಿ ಇಲ್ಲದೆ ಇಟ್ಟಿರಲಿಲ್ಲ. ಕ್ವೆಂಚ್ ಆದರೆ ವೋಲ್ಟೇಜ್ ನಿಧಾನವಾಗಿ ಬೆಳೆಯುತ್ತದೆ, 1 ವೋಲ್ಟ್ ಆಗುವಷ್ಟರಲ್ಲಿ ತಾಮ್ರ ಕರೆಂಟನ್ನು ಹೊತ್ತುಕೊಂಡಿರುತ್ತದೆ, ಸಮಯ ಇರುತ್ತದೆ. ಇದು ಅವರ ಆಧಾರ. ಬೆಸುಗೆಯ ಜಾಗದಲ್ಲಿ ತಾಮ್ರ ತಾಮ್ರಕ್ಕೆ ಸರಿಯಾಗಿ ಅಂಟಿರುತ್ತದೆ ಎಂಬುದು ಆ ಆಧಾರದೊಳಗೆ ಅಡಗಿದ್ದ ನಂಬಿಕೆ. ಅಲ್ಲಿ ಅದು ಅಂಟಿರಲಿಲ್ಲ.

ಹಾಗಾಗಿ 7,000 ಆಂಪಿಯರ್‌ನಲ್ಲಿ ಹೀಲಿಯಂ ಎಳೆದೊಯ್ಯುತ್ತಿದ್ದ ಶಾಖ 8,700ರ ಹೊತ್ತಿಗೆ ಅದರ ಕೈಮೀರಿತು. ಕೇಬಲ್ ಬೆಚ್ಚಗಾಗಿ ಅತಿವಾಹಕತೆ ಕಳೆದುಕೊಂಡಿತು. ಕರೆಂಟ್ ತಾಮ್ರಕ್ಕೆ ಹೊರಳಬೇಕಿತ್ತು, ದಾರಿ ಇರಲಿಲ್ಲ. ಬಿಸಿಯಾದಷ್ಟೂ ಪ್ರತಿರೋಧ ಹೆಚ್ಚು, ಪ್ರತಿರೋಧ ಹೆಚ್ಚಾದಷ್ಟೂ ಬಿಸಿ. 300 ಮಿಲಿವೋಲ್ಟ್‌ನಿಂದ ತುಂಡಾಗುವವರೆಗೆ ಒಂದು ಸೆಕೆಂಡೂ ಇರಲಿಲ್ಲ. ನಿಧಾನವಾಗಿ ಬೆಳೆಯುತ್ತದೆ ಎಂದುಕೊಂಡಿದ್ದ ವೋಲ್ಟೇಜ್ ಒಮ್ಮೆಲೇ ಜಿಗಿಯಿತು.

ನನ್ನನ್ನು ಹೆಚ್ಚು ಕಾಡಿದ್ದು ಸೆಪ್ಟೆಂಬರ್ 15. ಕರೆಂಟ್ ಹೇಳಿದಷ್ಟು ಏರಿತು, ಟ್ರಿಪ್ ಆಗಲಿಲ್ಲ. ಪವರ್ ಎಂಜಿನಿಯರ್ ಕಣ್ಣಿಗೆ ಅದು ಪಾಸಾದ ಪರೀಕ್ಷೆ. ನಾನು ಆ ಕುರ್ಚಿಯಲ್ಲಿದ್ದಿದ್ದರೆ? ಕರೆಂಟ್‌ನ ಕರ್ವ್ ನೋಡುತ್ತಿದ್ದೆ. 13,000 ಆಂಪಿಯರ್‌ನಲ್ಲಿ ಹತ್ತು ಲಕ್ಷದಲ್ಲಿ ಒಂದು ಭಾಗ, ಅಂದರೆ 13 ಮಿಲಿ ಆಂಪಿಯರ್ ಆಚೀಚೆಯಾದರೂ ಗುರುತಿಸುವ ಅಳತೆ ಅಲ್ಲಿದೆ. ಅದು ಚೆನ್ನಾಗಿ ಬಂದಿದೆ ಎಂದು ಸಹಿ ಹಾಕುತ್ತಿದ್ದೆ. ಹೀಲಿಯಂನ ತಾಪ ನನ್ನ ಪರದೆಯ ಮೇಲೆ ಇರುತ್ತಿರಲಿಲ್ಲ, ಇದ್ದರೂ ಅದು ತಂಪು ನೋಡಿಕೊಳ್ಳುವ ಕ್ರಯೋಜೆನಿಕ್ಸ್‌ನವರ ವಿಷಯ ಎಂದು ದಾಟಿಬಿಡುತ್ತಿದ್ದೆ. ಹಿರಿಯರಿಗೆ ಇದನ್ನೇ ಹೇಳಿದೆ. ಅವರು ಬೈಯಲಿಲ್ಲ. "ನಾನೂ ಸಹಿ ಹಾಕ್ತಿದ್ನಿ" ಎಂದರು.

ನಮ್ಮ ಬೆಂಚ್ ಮೇಲೆ

ಆ ತಿಂಗಳ ಕೊನೆಗೆ ನನಗೆ ಸ್ವಂತ ಕೆಲಸ ಸಿಕ್ಕಿತು. 500 ಆಂಪಿಯರ್‌ನ ಚಿಕ್ಕ ಪವರ್ ಸಪ್ಲೈ, ಸಾಮಾನ್ಯ ತಾಮ್ರದ ಮ್ಯಾಗ್ನೆಟ್. ಎಂಟು ಗಂಟೆ ಓಡಿಸಿದೆ. ಪ್ಯಾನೆಲ್ ಮೇಲೆ ಎಲ್ಲ ದೀಪ ಹಸಿರು, ಕರೆಂಟ್ ಗೆರೆ ಎಳೆದ ಹಾಗೆ. ವರದಿ ತಲೆಯಲ್ಲಿ ಇನ್ನೂ ಗುಂಯ್ ಎನ್ನುತ್ತಿತ್ತು. ಹೇಗೂ ಇರಲಿ ಎಂದು ಬಸ್‌ಬಾರ್‌ನ ಒಂದೊಂದು ಬೋಲ್ಟ್ ಜಾಯಿಂಟ್‌ಗೂ ಮಲ್ಟಿಮೀಟರ್ ಹಿಡಿದು ಮಿಲಿವೋಲ್ಟ್ ಬರೆದುಕೊಂಡೆ. ಎಲ್ಲ ಜಾಯಿಂಟ್‌ಗಳಲ್ಲೂ 2, 3. ಒಂದರಲ್ಲಿ ಮಾತ್ರ 31.

31 ಮಿಲಿವೋಲ್ಟ್, 500 ಆಂಪಿಯರ್: 15.5 ವ್ಯಾಟ್. ಸುರಂಗದ ಆ ಬೆಸುಗೆಯದು 16.7. ಹಾಳೆ ನೋಡುತ್ತಾ ನಿಂತುಬಿಟ್ಟೆ. ಬಿಚ್ಚಿದರೆ ತಾಮ್ರದ ಮುಖ ಕಪ್ಪಾಗಿತ್ತು, ಜೋಡಿಸುವ ಮುಂಚೆ ಉಜ್ಜಿರಲಿಲ್ಲ. ಜೋಡಿಸಿದ್ದು ನಾನೇ. ನಮ್ಮಲ್ಲಿ ಅದರಿಂದ ದೊಡ್ಡ ಅನಾಹುತ ಆಗುತ್ತಿರಲಿಲ್ಲ. ಆದರೆ ಸಪ್ಲೈನ ಯಾವ ರಕ್ಷಣೆಯೂ ಅದನ್ನು ಎಂದೂ ಹೇಳುತ್ತಿರಲಿಲ್ಲ. ಅವತ್ತಿನಿಂದ ನನ್ನ ಪರೀಕ್ಷಾ ಹಾಳೆಯಲ್ಲಿ ಜಾಯಿಂಟ್‌ಗಳಿಗೆ ಒಂದು ಕಾಲಂ ಇದೆ. ಹೊಸದಾಗಿ ಬಂದವರಿಗೆ ಮೊದಲು ಅದನ್ನೇ ಕೊಡುತ್ತೇನೆ.

ಸರ್ನ್ ಏನು ಮಾಡಿತು

ಪರಿಹಾರದಲ್ಲಿ ನನಗೆ ತುಂಬ ಇಷ್ಟವಾದದ್ದು ಅದರ ಸರಳತೆ. ಕರೆಂಟ್ ಏರುವಾಗ ತಾನೇ 157 ವೋಲ್ಟ್ ಅಡ್ಡ ಬರುವುದು? ಏರಿಸುವುದನ್ನು ನಿಲ್ಲಿಸಿ. ಕರೆಂಟ್ ಒಂದೇ ಮಟ್ಟದಲ್ಲಿ ನಿಂತರೆ ಇಂಡಕ್ಟಿವ್ ವೋಲ್ಟೇಜ್ ಸೊನ್ನೆ. ಆಗ ಬಸ್‌ಬಾರ್‌ನ ತುಂಡು ತುಂಡಿಗೂ ತಂತಿ ಜೋಡಿಸಿ, ತಾಳ್ಮೆಯಿಂದ ಸರಾಸರಿ ತೆಗೆದರೆ ನ್ಯಾನೋ ಓಮ್ ಕಾಣಿಸುತ್ತದೆ. ಹೊಸ ರಕ್ಷಣಾ ವ್ಯವಸ್ಥೆ ಹೀಗೆ ಸುರಂಗದುದ್ದಕ್ಕೂ ಬಂತು. ಬಸ್‌ಬಾರ್‌ಗಳ ಮಿತಿ 1 ವೋಲ್ಟ್‌ನಿಂದ 0.3 ಮಿಲಿವೋಲ್ಟ್‌ಗೆ ಇಳಿಯಿತು. ಹೀಲಿಯಂ ಕವಾಟಗಳನ್ನೂ ಹೆಚ್ಚಿಸಿದರು. ತಾಪದ ಹಳೆಯ ದಾಖಲೆಗಳನ್ನು ಮತ್ತೆ ಕೆದಕಿದಾಗ ಬೇರೆ ಸೆಕ್ಟರ್‌ನ ಒಂದು ಡೈಪೋಲ್‌ನೊಳಗೆ ಸುಮಾರು 100 ನ್ಯಾನೋ ಓಮ್‌ನ ಇನ್ನೊಂದು ಕೆಟ್ಟ ಬೆಸುಗೆ ಸಿಕ್ಕಿತು. ಆ ಮ್ಯಾಗ್ನೆಟ್ಟನ್ನು ಹೊರತೆಗೆದರು.

ಇಲ್ಲಿಗೆ ನನ್ನ ಟಿಪ್ಪಣಿ ಮುಗಿಸಿ ಹಿರಿಯರಿಗೆ ಕೊಟ್ಟೆ. ಓದಿ ಒಂದೇ ಪ್ರಶ್ನೆ ಕೇಳಿದರು. "ಈ 0.3 ಮಿಲಿವೋಲ್ಟಿಗೆ ಕಾಣಲಾರದ್ದು ಏನೈತಿ?"

ಉತ್ತರಕ್ಕೆ ಎರಡು ದಿನ ಬೇಕಾಯಿತು. ಕೇಬಲ್‌ಗೆ ಕೇಬಲ್ ಚೆನ್ನಾಗಿ ಬೆಸೆದಿದೆ, ಆದರೆ ಸುತ್ತಲಿನ ತಾಮ್ರದ ನಡುವೆ ಬಿರುಕಿದೆ ಎಂದುಕೊಳ್ಳಿ. 1.9 ಕೆಲ್ವಿನ್‌ನಲ್ಲಿ ಎಲ್ಲ ಕರೆಂಟೂ ಕೇಬಲ್‌ನಲ್ಲೇ ಹೋಗುತ್ತದೆ. ವೋಲ್ಟೇಜ್ ಇಲ್ಲ, ಶಾಖ ಇಲ್ಲ. ಎಷ್ಟು ಸೂಕ್ಷ್ಮದ ಮೀಟರ್ ಹಿಡಿದರೂ ಬೆಸುಗೆ ಪರಿಪೂರ್ಣ. ಪಕ್ಕದ ಮ್ಯಾಗ್ನೆಟ್ ಕ್ವೆಂಚ್ ಆಗಿ ಶಾಖ ಅಲ್ಲಿಗೆ ಬಂದ ದಿನ ಮಾತ್ರ ತಾಮ್ರದ ಬಿರುಕು ಬಯಲಿಗೆ ಬರುತ್ತದೆ. ತಂಪಿನಲ್ಲಿ ಇದನ್ನು ಅಳೆಯಲು ಆಗುವುದೇ ಇಲ್ಲ. ಸುರಂಗವನ್ನು ಬೆಚ್ಚಗೆ ಮಾಡಿ, ತಾಮ್ರದ ಪ್ರತಿರೋಧ ನೋಡಬೇಕು.

ಬೆಚ್ಚಗಿದ್ದ ಸೆಕ್ಟರ್‌ಗಳಲ್ಲಿ ಸರ್ನ್ ಹಾಗೆ ನೋಡಿದಾಗ ಇಂಥ ಬಿರುಕುಗಳು ಸಿಕ್ಕವು. ಅದಕ್ಕೇ 2010ರಲ್ಲಿ ಕಿರಣದ ಶಕ್ತಿಯನ್ನು ವಿನ್ಯಾಸದ 7ಕ್ಕೆ ಬದಲು 3.5 ಟೆರಾ ಎಲೆಕ್ಟ್ರಾನ್ ವೋಲ್ಟ್‌ಗೆ ನಿಲ್ಲಿಸಿದರು. ಕರೆಂಟ್ ಸುಮಾರು ಅರ್ಧ, ಶಾಖ ಕಾಲುಭಾಗ. 2012ರಲ್ಲಿ 4ಕ್ಕೆ ಏರಿಸಿದರು, ಆ ವರ್ಷದ ಜುಲೈನಲ್ಲಿ ಹಿಗ್ಸ್ ಕಣದ ಸುದ್ದಿ ಬಂತು. ಸುಮಾರು ಅರ್ಧ ಶಕ್ತಿಯಲ್ಲೇ.

ಆಮೇಲೆ 2013ರಲ್ಲಿ ಯಂತ್ರ ನಿಲ್ಲಿಸಿ ಸುರಂಗವನ್ನು ಬೆಚ್ಚಗೆ ಮಾಡಿದರು. ಮ್ಯಾಗ್ನೆಟ್‌ಗಳ ನಡುವಿನ ಜಾಗಗಳನ್ನು ಒಂದೊಂದಾಗಿ ಬಿಚ್ಚಿದರು. 10,000ಕ್ಕೂ ಹೆಚ್ಚು ಬೆಸುಗೆಗಳನ್ನು ಅಳೆದರು, ಸರಿಯಿಲ್ಲದ್ದನ್ನು ಮತ್ತೆ ಬೆಸೆದರು. ಪ್ರತಿ ಬೆಸುಗೆಯ ಮೇಲೂ ತಾಮ್ರದ ಪಟ್ಟಿಗಳನ್ನು ಸೋಲ್ಡರ್ ಮಾಡಿ ಕರೆಂಟ್‌ಗೆ ಇನ್ನೊಂದು ದಾರಿ ಕೊಟ್ಟರು. 2015ರಲ್ಲಿ ಕಿರಣ 6.5ಕ್ಕೆ ಏರಿತು.